ಕಷ್ಟದ್ದು ಬಿಡಿ, ಮುಂದೆ ಹೋಗಿ

ಸಿಇಟಿ ಮುಗಿಸಿ ಬಂದ ಮಕ್ಕಳನ್ನು ಶಿವಮೊಗ್ಗದಲ್ಲಿ ಯಾರೂ "ಎಷ್ಟು ಬರೆದೆ?" ಅಂತ ಕೇಳುವುದಿಲ್ಲ. "ಮೊದಲ ಸುತ್ತಲ್ಲಿ ಎಷ್ಟು ಬಿಟ್ಟೆ?" ಅಂತ ಕೇಳುತ್ತಾರೆ. ಜಾಸ್ತಿ ಬಿಟ್ಟವನೇ ಜಾಣ.

ಲೆಕ್ಕ ನೋಡಿ. ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅದರಲ್ಲೂ ಉತ್ತರಿಸಲು 70 ನಿಮಿಷ ಮಾತ್ರ ಅಂತ ಪ್ರಶ್ನೆಪತ್ರಿಕೆಯ ಮೇಲೇ ಅಚ್ಚು ಹಾಕಿರುತ್ತಾರೆ. ಅಂದರೆ ಪ್ರಶ್ನೆಗೆ 70 ಸೆಕೆಂಡ್. ನಮ್ಮ ತೀರ್ಥಹಳ್ಳಿ ಕಡೆ ಬಾಯಲ್ಲಿ ಕವಳ ಇರುವವರನ್ನು "ಊಟ ಆಯ್ತಾ?" ಅಂತ ಕೇಳಿದರೂ ಉತ್ತರಕ್ಕೆ ಇದಕ್ಕಿಂತ ಜಾಸ್ತಿ ಹೊತ್ತು ಕಾಯಬೇಕು.

ಹಾಗಾಗಿ ಕೋಚಿಂಗಿನವರು ಎರಡು ವರ್ಷ ಒಂದೇ ವಿದ್ಯೆ ಅರೆದು ಕುಡಿಸುತ್ತಾರೆ: ಗೊತ್ತಿರುವುದಕ್ಕೆ ಮೊದಲು ಶೇಡ್ ಮಾಡು. ತಲೆ ತಿನ್ನುವುದನ್ನು ಬಿಡು. ಕೊನೆಗೆ ಹೊತ್ತು ಉಳಿದರೆ ನೋಡು, ಇಲ್ಲದಿದ್ದರೆ ಗೆಸ್ ಹೊಡಿ, ಹೇಗೂ ಮೈನಸ್ ಇಲ್ಲ. ಇದು ಏಪ್ರಿಲ್ ಪಾಠ. ಮೇ ತಿಂಗಳಲ್ಲಿ ನೀಟ್. ಅಲ್ಲಿ 180 ಪ್ರಶ್ನೆ, 180 ನಿಮಿಷ, ತಪ್ಪಿಗೆ ಒಂದು ಅಂಕ ಕಟ್. ಈಗ ಅದೇ ಮೇಷ್ಟ್ರು, "ಗೊತ್ತಿಲ್ಲದ್ದನ್ನು ಮುಟ್ಟಿದರೆ ಕೈ ಮುರಿಯುತ್ತೇನೆ" ಅನ್ನುತ್ತಾರೆ. ಹತ್ತನೇ ಕ್ಲಾಸಿನವರೆಗೆ "ಬಿಡಬೇಡ, ಯೋಚನೆ ಮಾಡು" ಅಂದಿದ್ದ ಹಳೇ ಮೇಷ್ಟ್ರು ಪಾಪ, ಯಾವ ಪರೀಕ್ಷೆಗೂ ಉಪಯೋಗಕ್ಕೆ ಬರಲಿಲ್ಲ.

2024ರಲ್ಲಂತೂ ಬಿಟ್ಟವರೇ ಗೆದ್ದರು. ಆ ವರ್ಷದ ಸಿಇಟಿಯಲ್ಲಿ ಪಠ್ಯದಿಂದ ಕೈಬಿಟ್ಟಿದ್ದ ಪಾಠಗಳಿಂದಲೂ ಪ್ರಶ್ನೆ ಬಂದವು. ಗಲಾಟೆ ಆಯಿತು, ತಜ್ಞರು ಕೂತರು. ಕೊನೆಗೆ ನಾಲ್ಕೂ ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ತೆಗೆದರು. ಪ್ರಶ್ನೆ ತೆಗೆದರು ಸರಿ, ಅದಕ್ಕೆ ಕೊಟ್ಟ ಹೊತ್ತು? ಐವತ್ತನ್ನು ಎಪ್ಪತ್ತರಿಂದ ಗುಣಿಸಿದರೆ ಹತ್ತಿರ ಹತ್ತಿರ ಒಂದು ಗಂಟೆ. ಅಷ್ಟರಲ್ಲಿ ಶಿವಮೊಗ್ಗ ಬಿಟ್ಟ ತೀರ್ಥಹಳ್ಳಿ ಬಸ್ಸು ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆ ಸೇರಿರುತ್ತದೆ. ಪಠ್ಯದಲ್ಲೇ ಇಲ್ಲದ ಪ್ರಶ್ನೆಗೆ ಬೆವರು ಸುರಿಸಿ ಸರಿ ಉತ್ತರ ಕಂಡುಹಿಡಿದ ಹುಡುಗಿಗೂ ಸೊನ್ನೆ, ಕಣ್ಣೆತ್ತಿಯೂ ನೋಡದವನಿಗೂ ಸೊನ್ನೆ. ಆದರೆ ಅವನ ಕೈಯಲ್ಲಿ ಹೊತ್ತು ಉಳಿದಿತ್ತು.

ಕಳೆದ ಹೊತ್ತಿಗೆ ಅಂಕ ಕೊಟ್ಟರೆ ಏನಾಗುತ್ತದೆ ಅನ್ನುವುದನ್ನೂ ಅದೇ ವರ್ಷ ನೋಡಿದೆವು. ನೀಟ್‌ನಲ್ಲಿ ಸಮಯ ನಷ್ಟವಾಯಿತೆಂದು 1563 ಮಂದಿಗೆ ಕೃಪಾಂಕ ಕೊಟ್ಟರು. ನಾಲ್ಕು, ನಾಲ್ಕಾಗಿ ಒಟ್ಟು 720 ಅಂಕ ಬರುವ ಪರೀಕ್ಷೆಯಲ್ಲಿ ಯಾರಿಗೂ ಬರಲಾಗದ 718, 719 ಪ್ರತ್ಯಕ್ಷವಾದವು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಕೃಪಾಂಕ ವಾಪಸ್ಸಾಯಿತು.

ಇಷ್ಟಕ್ಕೂ ಮಕ್ಕಳು ಈ ವಿದ್ಯೆ ಕಲಿಯಲು ಊರೂರಿಂದ ಬಂದು ಪೇಟೆಯಲ್ಲಿ ರೂಮು ಮಾಡಬೇಕಾಗಿಲ್ಲ. ನಮ್ಮ ಸರ್ಕಾರಗಳಿಗೆ ಇದು ಕರತಲಾಮಲಕ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮನೆ, ತೋಟ ಮುಳುಗಿದವರನ್ನು ಲಾರಿ ಹತ್ತಿಸಿ ಕಾಡಿನಲ್ಲಿ ಇಳಿಸಿದರು. ಜಾಗ ಕೊಟ್ಟರು, ದಾಖಲೆಯಲ್ಲಿ ಅದನ್ನು ಅರಣ್ಯವಾಗಿಯೇ ಉಳಿಸಿದರು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದು ಹಕ್ಕುಪತ್ರದ ಪ್ರಶ್ನೆ ಇನ್ನಷ್ಟು ಕಠಿಣವಾಯಿತು. ಕಠಿಣವಾದರೆ ಏನು ಮಾಡಬೇಕು? ಬಿಟ್ಟು ಮುಂದೆ ಹೋಗಬೇಕು. ಹೋದರು. ಸ್ವಾಗತ ಕಮಾನು, ಸರ್ಕಲ್ಲಿಗೆ ಹೆಸರು, ಗುದ್ದಲಿ ಪೂಜೆ: ಸುಲಭದ್ದಕ್ಕೆಲ್ಲ ಮೊದಲ ಸುತ್ತಿನಲ್ಲೇ ಶೇಡ್ ಆಗಿದೆ. ಎರಡನೇ ಸುತ್ತು ಇನ್ನೂ ಶುರುವಾಗಿಲ್ಲ. ಮುಳುಗಡೆಯಾದ ಮನೆಯ ಮೊಮ್ಮಗ ಈಗ ಸಿಇಟಿ ಹಾಲ್‌ನಲ್ಲಿದ್ದಾನೆ. ಅವನಿಗೆ 70 ಸೆಕೆಂಡ್, ಅವನ ಅಜ್ಜನ ಪ್ರಶ್ನೆಗೆ 60 ವರ್ಷ ಕಳೆದರೂ ಬೆಲ್ ಹೊಡೆದಿಲ್ಲ.

ಸರ್ಕಾರಕ್ಕೂ ಐದು ವರ್ಷಕ್ಕೊಮ್ಮೆ ಮೈನಸ್ ಮಾರ್ಕ್ಸ್ ಇದೆಯಲ್ವಾ ಅಂತ ನೀವು ಕೇಳಬಹುದು. ಇದೆ. ಆದರೆ ಎಲ್ಲ ಪಕ್ಷದವರೂ ಇದೇ ಪ್ರಶ್ನೆಯನ್ನು ಬಿಟ್ಟಿರುವುದರಿಂದ ಯಾರ ರ‍್ಯಾಂಕೂ ಕೆಳಗಿಳಿಯುವುದಿಲ್ಲ.