ಬಾಯಿ ಬಿಡದ ಬಿ

ತುಮಕೂರಿನಲ್ಲಿ ಫಸ್ಟ್ ಪಿಯುಸಿ ಕಾಮರ್ಸ್‌ಗೆ ಸೇರಿದ ಹೊಸತು. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಅಕೌಂಟೆನ್ಸಿ ಲೆಕ್ಚರರ್ ನನ್ನನ್ನು ಎಬ್ಬಿಸಿ ಲೆಕ್ಕ ಓದು ಅಂದರು. "ಬ್ಯಾಡ್ ಡೆಬ್ಟ್ಸ್" ಅಂದೆ. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಮುಂದಿನ ಸಾಲಿನಲ್ಲಿ ‘ರಿಸಿಪ್ಟ್’ ಇತ್ತು. ಅದನ್ನೂ ಪಿ ಸಮೇತ ಓದಿದೆ. ಆಮೇಲೆ ಎರಡು ವರ್ಷ ಹಿಂದಿನ ಬೆಂಚೇ ಗತಿ.

ಅದೇ ಪುಟದಲ್ಲಿ ‘ಡೆಬಿಟ್’ ಕೂಡ ಇತ್ತು ನೋಡಿ. ಅಲ್ಲಿ ಬಿ ಹೇಳಬೇಕು, ಇಲ್ಲಿ ನುಂಗಿ ‘ಡೆಟ್ಸ್’ ಅನ್ನಬೇಕು. ಯಾಕೆ ಸರ್ ಅಂದರೆ, "ಇಂಗ್ಲಿಷ್ ಹಂಗೇ, ಕೂತ್ಕೊಳಪ್ಪ."

ಉತ್ತರ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ. ಸಾಲ ಅನ್ನೋ ಅರ್ಥದ ಈ ‘ಡೆಟ್’ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದರಲ್ಲಿ ಬಿ ಇರಲೇ ಇಲ್ಲ. ಆಮೇಲೆ ಲ್ಯಾಟಿನ್ ಓದಿದ ಪಂಡಿತರಿಗೆ ಇದರ ಮೂಲ ‘ಡೆಬಿಟುಮ್’ ಅಂತ ನೆನಪಾಯಿತು. ಮೂಲಕ್ಕೆ ಮರ್ಯಾದೆ ಕೊಡಲು ಒಂದು ಬಿ ತುರುಕಿದರು. ಜನ ಕ್ಯಾರೇ ಅನ್ನದೆ ಹಳೇ ಥರವೇ ಹೇಳಿಕೊಂಡು ಹೋದರು. ರಿಸೀಟ್‌ನ ಪಿ ಕಥೆಯೂ ಇದೇ. ಅದರ ದಾಯಾದಿ ‘ಡಿಸೀಟ್’ನಲ್ಲಿ ಮಾತ್ರ ಪಿ ಇಲ್ಲ! ‘ಐಲ್ಯಾಂಡ್’ನ ಎಸ್ ಅಂತೂ ಪೂರ್ತಿ ಎಡವಟ್ಟು. ‘ಐಲ್’ (isle) ಅನ್ನೋ ಬೇರೆ ಪದ ನೋಡಿ, ಇವೆರಡೂ ಒಂದೇ ಬಳ್ಳಿ ಅಂದುಕೊಂಡು ಸೇರಿಸಿದ್ದು. ಅಂದರೆ ಅವತ್ತು ನಾನು ಓದಿದ್ದು ಅವರು ಬರೆದದ್ದನ್ನೇ. ತಿದ್ದಲಿ, ಬೇಡ ಅನ್ನಲ್ಲ. ನಗೋದು ಯಾಕೆ? ಇದೇ ಕಥೆ ಹೇಳೋಕೆ ಎರಡು ನಿಮಿಷ ಸಾಕಿತ್ತು.

1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಅಚ್ಚುಕೂಟ ಶುರು ಮಾಡಿದ. ಸ್ಪೆಲಿಂಗ್ ನಿಧಾನವಾಗಿ ಅಚ್ಚಿನ ಮೊಳೆಗೆ ಅಂಟಿಕೊಂಡಿತು. ಬಾಯಿ ಮಾತ್ರ ಬದಲಾಗುತ್ತಲೇ ಹೋಯಿತು. ‘ನೈಫ್’ನ ಕೆ ಕೂಡ ಒಂದು ಕಾಲಕ್ಕೆ ಜನ ಹೇಳುತ್ತಿದ್ದದ್ದೇ.

ನಾವು ಬರೆದಂಗೇ ಓದೋರು ಅಂತ ಮೀಸೆ ತಿರುವುವವರು ‘ಚಿಹ್ನೆ’ ಜೋರಾಗಿ ಓದಿ. ‘ಚಿನ್ಹೆ’ ಅಂದಿರಿ ಅಲ್ವಾ? ಇರಲಿ, ನಮ್ಮಲ್ಲಿ ಇಂಥವು ಕಮ್ಮಿ.

ಇಂಗ್ಲಿಷಿನಲ್ಲಿ ‘ತುಮ್ಕೂರ್’ ಆಗಿದ್ದ ನಮ್ಮೂರು 2014ರ ನವೆಂಬರ್ 1ರಿಂದ ‘ತುಮಕೂರು’ ಆಯಿತು. ಬೋರ್ಡಿನಲ್ಲಿ ಎರಡಕ್ಷರ ಜಾಸ್ತಿಯಾಯಿತು. ಫೋನ್ ಮಾಡೋ ಕಸ್ಟಮರ್ ಕೇರಿನವರಿಗೆ ನಾವು ಈಗ ‘ಟುಮಾಕುರು’. ತಕ್ಕೂ ಟಕ್ಕೂ ಒಂದೇ ಟಿ, ಕುಗೂ ಕೂಗೂ ಒಂದೇ ಯು. ಪಾಪ, ಅವರಾದರೂ ಏನು ಮಾಡ್ತಾರೆ.

ಮೊನ್ನೆ ಮಗಳು ಡಿಕ್ಟೇಷನ್‌ಗೆ ಉರು ಹೊಡೀತಿದ್ದಳು. "ವೆಡ್-ನೆಸ್-ಡೇ, ವೆಡ್-ನೆಸ್-ಡೇ." ಅಡುಗೆಮನೆಯಿಂದ ಅವಳಮ್ಮ, "ವೆನ್ಸ್‌ಡೇ ಕಣೇ" ಅಂದಳು. ನಾನೂ ಉರು ಹೊಡೆದದ್ದು ಹೀಗೇ. ಪಕ್ಕ ಕೂತು ಹೇಳಿದೆ: ಅದು ವೋಡನ್ ಅನ್ನೋ ದೇವರ ದಿನ. ರೋಮಿನವರ ಮರ್ಕ್ಯುರಿ ದಿನಕ್ಕೆ ಇಂಗ್ಲಿಷರ ಹಿಂದಿನವರು ತಮ್ಮ ದೇವರ ಹೆಸರಿಟ್ಟರು. ಮರ್ಕ್ಯುರಿ ಅಂದರೆ ನಮ್ಮ ಬುಧ. ಆಗ ಅವರೂ ಆ ಡಿ ಹೇಳುತ್ತಿದ್ದರು.

ಅವಳು ಪೆನ್ಸಿಲ್ ಕೆಳಗಿಟ್ಟಳು. "ಹಂಗಾದ್ರೆ ಮಿಸ್ ಹೇಳೋದೇ ತಪ್ಪಾ ಅಪ್ಪಾ?"

"ಅದನ್ನ ಸ್ಕೂಲಲ್ಲಿ ಮಾತ್ರ ಕೇಳ್ಬೇಡ ಮಗಳೇ" ಅಂದೆ.