ಕಲ್ಪೆಪರನ ಮೂಲಿಕೆಗಳಿಗೆ ಗ್ರಹಗಳ ಹಂಗು ಬೇಕಿತ್ತೇ?

ಪರ

ಮೂಲಿಕೆ ವೈದ್ಯ ನಿಕೊಲಸ್ ಕಲ್ಪೆಪರ್ 1652ರಲ್ಲಿ ಲಂಡನ್ನಿನಲ್ಲಿ ಹೊರತಂದ ಮೂಲಿಕೆ ಪುಸ್ತಕದ ಬೆಲೆ ಮೂರೇ ಪೆನ್ಸ್. ಅದಕ್ಕೂ ಮೊದಲು, 1649ರಲ್ಲಿ, ವೈದ್ಯರ ಕಾಲೇಜು ಎಂಬ ವೈದ್ಯರ ಸಂಘ ಲ್ಯಾಟಿನ್ನಿನಲ್ಲಿ ಕಟ್ಟಿಟ್ಟಿದ್ದ ಔಷಧಕೋಶವನ್ನು ಆತ ಯಾರ ಅಪ್ಪಣೆಯನ್ನೂ ಕೇಳದೆ ಇಂಗ್ಲಿಷಿಗೆ ತಂದಿದ್ದ. ಬಡವರಿಗಾಗಿ ಇಷ್ಟು ದುಡಿದವನು ಒಂದೊಂದು ಗಿಡಕ್ಕೂ ಒಂದೊಂದು ಗ್ರಹವನ್ನು ಅಧಿಪತಿಯಾಗಿ ಹೇಳಿದ್ದೇಕೆ ಎಂಬುದನ್ನು ಆ ಪುಸ್ತಕ ಕೊಂಡವರ ಕಡೆಯಿಂದ ನೋಡಬೇಕು.

ಮುಟ್ಟಿದರೆ ಉರಿಯೇಳುವ ತುರಿಕೆ ಗಿಡವನ್ನೇ ತೆಗೆದುಕೊಳ್ಳಿ. ಅದರ ವರ್ಣನೆಯೇ ಬೇಡ, ಕಗ್ಗತ್ತಲಲ್ಲೂ ಕೈಗೆ ತಾಕಿದರೆ ಗೊತ್ತಾಗುತ್ತದೆ ಎನ್ನುತ್ತಾನೆ ಕಲ್ಪೆಪರ್. ಅದು ಕುಜನ ಗಿಡ. ಕುಜನದು ಉಷ್ಣ ಮತ್ತು ಶುಷ್ಕ ಗುಣ. ಆದ್ದರಿಂದ ಚಳಿಗಾಲ ಮೈಯಲ್ಲಿ ಉಳಿಸಿಹೋದ ಶೀತ ಕಫವನ್ನು ವಸಂತದಲ್ಲಿ ತಿಂದ ಇದರ ಎಳೆಸೊಪ್ಪು ಕರಗಿಸುತ್ತದೆ. ಲ್ಯಾಟಿನ್ ಅರಿಯದ ಗೃಹಿಣಿಗೆ ಗಿಡ, ಋತು, ಗುಣ, ರೋಗ ಇವೆಲ್ಲವನ್ನೂ ಒಂದೇ ಎಳೆಯಲ್ಲಿ ಪೋಣಿಸಿಕೊಟ್ಟದ್ದು ಗ್ರಹವೇ.

ಇನ್ನೊಂದು ಮಾತೂ ಇದೆ. ಕಲ್ಪೆಪರನಿಗಿಂತ ಮೊದಲೇ ಜ್ಯೋತಿಷ್ಯ ನೋಡಿ ಮದ್ದು ಕೊಡುತ್ತಿದ್ದ ಸೈಮನ್ ಫೋರ್ಮನ್ ಮತ್ತು ಪಾದ್ರಿ ರಿಚರ್ಡ್ ನೇಪಿಯರ್ ರೋಗಿ ಪ್ರಶ್ನೆ ಕೇಳಿದ ಗಳಿಗೆಗೆ ಕುಂಡಲಿ ಹಾಕುತ್ತಿದ್ದರು. ನಮ್ಮಲ್ಲಿ ಪ್ರಶ್ನಶಾಸ್ತ್ರ ಎನ್ನುವುದೂ ಇಂಥದ್ದೇ. ಅದಕ್ಕಾಗಿ ಹೆಸರು, ವಯಸ್ಸು, ವೇಳೆ, ಬಾಧೆಗಳನ್ನು ಬರೆದಿಡಬೇಕಿತ್ತು. 1596ರಿಂದ 1634ರವರೆಗಿನ ಸುಮಾರು 80,000 ಭೇಟಿಗಳ ಆ ಟಿಪ್ಪಣಿಗಳು ಆಕ್ಸ್‌ಫರ್ಡಿನಲ್ಲಿ ಉಳಿದಿವೆ; ಸಾಮಾನ್ಯರ ನೋವನ್ನು ಇಷ್ಟು ತಾಳ್ಮೆಯಿಂದ ದಾಖಲಿಸಿದ್ದು ಜ್ಯೋತಿಷ್ಯದ ಕೃಪೆಯಿಂದಲೇ.

ವಿರೋಧ

ಗ್ರಹ ನೆನಪಿಗೆ ನೆರವಾಯಿತು ಎಂಬುದನ್ನು ಒಪ್ಪೋಣ. ಆದರೆ ಔಷಧಕ್ಕೆ ನೆನಪಿಗಿಂತ ಮೊದಲು ಬೇಕಾದದ್ದು ಪರೀಕ್ಷೆ, ಅದಕ್ಕೇ ಇಲ್ಲಿ ದಾರಿಯಿರಲಿಲ್ಲ. ಕುಜನಿಂದ ಬಂದ ರೋಗಕ್ಕೆ ವಿರುದ್ಧ ಗ್ರಹವಾದ ಶುಕ್ರನ ಗಿಡ ಮದ್ದು ಎನ್ನುವ ಕಲ್ಪೆಪರನೇ, ಕೆಲವೊಮ್ಮೆ ಆಯಾ ಗ್ರಹದ ರೋಗವನ್ನು ಅದೇ ಗ್ರಹದ ಗಿಡ ಗುಣಪಡಿಸುತ್ತದೆ ಎಂದೂ ಹೇಳುತ್ತಾನೆ. ಎರಡೂ ಸಲ್ಲುವುದಾದರೆ ರೋಗಿ ಸತ್ತರೂ ಸೂತ್ರ ಸುಳ್ಳಾಗುವುದಿಲ್ಲ.

ಇದು ಬರಿಯ ತರ್ಕದ ದೋಷವಲ್ಲ, ಪ್ರಾಣಕ್ಕೇ ಸಂಬಂಧಿಸಿದ್ದು. ಗಂಟೆಯಾಕಾರದ ನೇರಳೆ ಹೂವಿನ ಫಾಕ್ಸ್‌ಗ್ಲೋವನ್ನು ಕಲ್ಪೆಪರ್ ಶುಕ್ರನಿಗೆ ಸೇರಿಸಿ, ಅದರ ಗುಣ ಸೌಮ್ಯವೆಂದು ಬರೆದ. ಅದು ಹೃದಯವನ್ನೇ ನಿಲ್ಲಿಸಬಲ್ಲ ವಿಷ. ಶ್ರಾಪ್‌ಶೈರಿನ ಮುದುಕಿಯೊಬ್ಬಳು ಗುಟ್ಟಾಗಿ ಇಟ್ಟುಕೊಂಡಿದ್ದ, ಇಪ್ಪತ್ತಕ್ಕೂ ಹೆಚ್ಚು ಮೂಲಿಕೆಗಳ ಮನೆಮದ್ದು ಇಂಗ್ಲಿಷ್ ವೈದ್ಯ ವಿಲಿಯಂ ವಿದರಿಂಗ್‌ನ ಕಣ್ಣಿಗೆ ಬಿದ್ದಾಗ, ಮೈ ಊತಕ್ಕೆ ಅದರಲ್ಲಿ ಕೆಲಸ ಮಾಡುವುದು ಈ ಒಂದೇ ಗಿಡ ಎಂದು ಅವನು ಗುರುತಿಸಿದ. ಹತ್ತು ವರ್ಷ ರೋಗಿಗಳಿಗೆ ಕೊಟ್ಟು ನೋಡಿ, ಕೆಲಸ ಮಾಡಿದ್ದನ್ನೂ ಮಾಡದ್ದನ್ನೂ 1785ರಲ್ಲಿ ಪ್ರಕಟಿಸಿದ. ಪ್ರಮಾಣ ಮೀರಿದರೆ ವಾಂತಿ ಬರುತ್ತದೆ, ನಾಡಿ ನಿಧಾನವಾಗುತ್ತದೆ, ವಸ್ತುಗಳು ಹಳದಿ-ಹಸಿರಾಗಿ ಕಾಣುತ್ತವೆ ಎಂಬುದನ್ನು ಅವನು ರೋಗಿಯನ್ನು ನೋಡಿಯೇ ಬರೆದದ್ದು.

ಹಳ್ಳಿಯ ಮುದುಕಿಯ ತಿಳಿವಳಿಕೆಗೆ ಇಲ್ಲಿ ಯಾವ ಅವಮಾನವೂ ಆಗಲಿಲ್ಲ, ಗ್ರಹವೊಂದೇ ಬಿದ್ದುಹೋಯಿತು. ಎಲೆ ಕೀಳಲು ವಿದರಿಂಗನೂ ಒಂದು ಕಾಲವನ್ನು ಗೊತ್ತುಮಾಡಿದ್ದ: ಗಿಡ ಹೂವು ಬಿಡುವ ಹೊತ್ತು.