ಲೂಗರ್ ಆಸೆಗೆ ಕಾಯಿದೆಯ ಅಡ್ಡಿ

ತಮ್ಮ ಕನಸಿನ ಐದು ಬಂದೂಕುಗಳನ್ನು ಪಟ್ಟಿ ಮಾಡಿದ ಲೇಖನವೊಂದರಲ್ಲಿ ಲೇಖಕರು ಜರ್ಮನಿಯ ಲೂಗರ್ ಪಿ-08 ಪಿಸ್ತೂಲಿಗೆ ಮೊದಲ ಸ್ಥಾನ ಕೊಟ್ಟಿರುವುದಕ್ಕೆ ನನ್ನ ತಕರಾರಿಲ್ಲ. ಗುಂಡು ಹಾರಿದೊಡನೆ ಮೊಣಕಾಲಿನಂತೆ ಮೇಲಕ್ಕೆ ಮಡಚಿಕೊಳ್ಳುವ ಅದರ ಕೀಲನ್ನು ಒಮ್ಮೆ ನೋಡಿದವರು ಮರೆಯಲಾರರು. ಆದರೆ ಹಣವೂ ಪರವಾನಗಿಯೂ ಇದ್ದರೆ ಅದು ಭಾರತದಲ್ಲಿಯೂ ಕೈಗೆಟುಕುತ್ತದೆ ಎಂಬ ಅವರ ಮಾತು ತಪ್ಪು. ಅದರ ಗುಂಡಿನ ಅಳತೆಯಾದ 9 ಮಿ.ಮೀ. ನಮ್ಮಲ್ಲಿ ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ) ಆಗಿದ್ದು, ಸಾಮಾನ್ಯ ಪರವಾನಗಿದಾರರಿಗೆ ಸಿಗುವುದಿಲ್ಲ. ಪಶ್ಚಿಮ ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆ ನಾಗರಿಕರಿಗಾಗಿ ಮಾಡಿದ ರೈಫಲ್ ಸೈನ್ಯದ .303 ಅಂಗುಲದ ಗುಂಡನ್ನು ಬಿಟ್ಟು .315ಕ್ಕೆ ಹೊಂದಿಕೊಂಡದ್ದೂ ಇಂಥದೇ ನಿರ್ಬಂಧದಿಂದ. ಅಲ್ಲದೆ ಶಸ್ತ್ರಾಸ್ತ್ರ ಕಾಯಿದೆಯ 2019ರ ತಿದ್ದುಪಡಿಯ ನಂತರ, ಕ್ರೀಡಾ ಶೂಟರ್‌ಗಳಂಥವರನ್ನು ಬಿಟ್ಟರೆ, ಒಬ್ಬರು ಇಟ್ಟುಕೊಳ್ಳಬಹುದಾದದ್ದು ಎರಡೇ ಬಂದೂಕು. ಐದರ ಪಟ್ಟಿ ಕಾಗದದ ಮೇಲೆಯೇ ಉಳಿಯಬೇಕು.

ಕೊಡಗಿನಲ್ಲಿ ಯಾರಿಗೂ ಪರವಾನಗಿ ಬೇಡ ಎಂಬ ಅವರ ಸಾಲೂ ಅರ್ಧಸತ್ಯ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ (ಅಲ್ಲಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಇದೆಯೇ ಹೊರತು ಇಡೀ ಜಿಲ್ಲೆಗಲ್ಲ. ನಮ್ಮ ಮನೆಯ ಜೋಡಿನಳಿಗೆಯ ಕೋವಿಯ ಹಿಡಿ ಬಿರುಕು ಬಿಟ್ಟು, ಅಜ್ಜ ಸುತ್ತಿದ ತಾಮ್ರದ ತಂತಿಯಿಂದ ನಿಂತಿದೆ. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದಿನಂದು ಅದರ ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸುತ್ತೇವೆ. ಗಂಡುಮಗು ಹುಟ್ಟಿದಾಗ ಒಂದು, ಸಾವಾದಾಗ ಎರಡು ಗುಂಡು ಹಾರಿಸುವುದೂ ಅದೇ ಕೋವಿಯಿಂದ. ನನ್ನ ಪಟ್ಟಿಯಲ್ಲಿ ಮೊದಲನೆಯದು ಅದು, ಎರಡನೆಯದಿಲ್ಲ.